ಬೇಲಿಯೇ ಹೊಲ ಮೇಯ್ದಾಗ: ಪೂರಕ ವ್ಯವಸ್ಥೆಗೆ ಲಗಾಮು

ದೇಹವನ್ನು ಕಾಯಬೇಕಾದ ರಕ್ಷಣಾ ಪಡೆಯೇ ದೇಹದ ಮೇಲೆ ತಿರುಗಿಬಿದ್ದರೆ ಗತಿಯೇನು? ರಕ್ತ, ಮೂತ್ರಪಿಂಡ ಮತ್ತು ನರಗಳಿಗೆ ಸಂಬಂಧಿಸಿದ ಹಲವು ರೋಗಗಳಲ್ಲಿ ನಡೆಯುವುದು ಇದೇ. ಈ ಪಡೆಗೆ ಲಗಾಮು ಹಾಕುವ ಔಷಧಗಳು 2007ರಿಂದೀಚೆಗೆ ಒಂದೊಂದಾಗಿ ಬಳಕೆಗೆ ಬಂದಿವೆ.

ಏನಿದು ಪೂರಕ ವ್ಯವಸ್ಥೆ?

ರಕ್ತದಲ್ಲಿ ಹಾಗೂ ಜೀವಕೋಶಗಳ ಮೇಲ್ಮೈಯಲ್ಲಿರುವ 30ಕ್ಕೂ ಹೆಚ್ಚು ಪ್ರೊಟೀನುಗಳ ಸಮೂಹವೇ ಕಾಂಪ್ಲಿಮೆಂಟ್ ಅಥವಾ ಪೂರಕ ವ್ಯವಸ್ಥೆ. ಪ್ರತಿಕಾಯಗಳ ಕಾರ್ಯಕ್ಕೆ ಪೂರಕವಾಗಿ ನಿಲ್ಲುವುದರಿಂದ ಈ ಹೆಸರು. 1890ರ ದಶಕದಲ್ಲಿ ಇದರ ಕಾರ್ಯವಿಧಾನವನ್ನು ತೋರಿಸಿಕೊಟ್ಟ ಬೆಲ್ಜಿಯಂನ ಜೂಲ್ಸ್ ಬೋರ್ಡೆ ಅವರಿಗೆ 1919ನೇ ಸಾಲಿನ ನೊಬೆಲ್ ಪ್ರಶಸ್ತಿ ಸಂದಿತು.

ಈ ವ್ಯವಸ್ಥೆ ಮೂರು ಮಾರ್ಗಗಳಲ್ಲಿ ಚಾಲನೆಗೊಳ್ಳುತ್ತದೆ. ಮೂರೂ ಸಿ3 ಎಂಬ ಪ್ರೊಟೀನಿನ ಬಳಿ ಸಂಧಿಸುತ್ತವೆ. ಸಿ3 ಸೀಳಿದ ಬಳಿಕ ಸಿ5ರ ಸರದಿ. ಸಿ5 ಒಡೆದು ಎರಡಾಗುತ್ತದೆ. ಸಿ5ಎ ಎಂಬ ಚೂರು ಬಿಳಿ ರಕ್ತಕಣಗಳನ್ನು ಕರೆತಂದು ಉರಿಯೂತ ಹೆಚ್ಚಿಸಿದರೆ, ಸಿ5ಬಿ ಇತರ ಪ್ರೊಟೀನುಗಳೊಡನೆ ಸೇರಿ ಜೀವಕೋಶದ ಪೊರೆಗೆ ರಂಧ್ರ ಕೊರೆಯುತ್ತದೆ. ಈ ದಾಳಿ ನಮ್ಮದೇ ಜೀವಕೋಶಗಳ ಮೇಲಾಗದಂತೆ ಅವುಗಳ ಮೇಲ್ಮೈಯಲ್ಲಿ ಕಾವಲು ಪ್ರೊಟೀನುಗಳಿರುತ್ತವೆ.

ಮೊದಲ ಗೆಲುವು

ಪಿಎನ್‌ಎಚ್ ಎಂಬ ಅಪರೂಪದ ರೋಗದಲ್ಲಿ ಕೆಂಪು ರಕ್ತಕಣಗಳಿಗೆ ಸಿಡಿ55 ಮತ್ತು ಸಿಡಿ59 ಎಂಬ ಕಾವಲು ಪ್ರೊಟೀನುಗಳ ಕೊರತೆ ಇರುತ್ತದೆ. ಹೀಗಾಗಿ ಅವು ಪೂರಕ ವ್ಯವಸ್ಥೆಗೆ ತುತ್ತಾಗಿ ಒಡೆಯುತ್ತವೆ. ರಕ್ತಹೀನತೆ ಮತ್ತು ರಕ್ತ ಹೆಪ್ಪುಗಟ್ಟುವಿಕೆ ಇದರ ಪರಿಣಾಮ. ಸಿ5 ಒಡೆಯದಂತೆ ತಡೆಯುವ ಎಕುಲಿಝುಮ್ಯಾಬ್ ಚುಚ್ಚುಮದ್ದಿಗೆ 2007ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ನೀಡಿತು. ವಿಶ್ವದ ಅತಿ ದುಬಾರಿ ಔಷಧಗಳಲ್ಲಿ ಒಂದೆನಿಸಿದ ಇದಕ್ಕೆ 2011ರಲ್ಲಿ ಮೂತ್ರಪಿಂಡ ಕೆಡಿಸುವ ಎಎಚ್‌ಯುಎಸ್ ರೋಗಕ್ಕೂ, 2017ರಲ್ಲಿ ಸ್ನಾಯು ದುರ್ಬಲಗೊಳಿಸುವ ಮಯಸ್ತೀನಿಯಾ ಗ್ರೇವಿಸ್‌ಗೂ ಒಪ್ಪಿಗೆ ದೊರೆಯಿತು. ಸಿ3ಯನ್ನೇ ತಡೆಯುವ ಪೆಗ್‌ಸೆಟಕೋಪ್ಲಾನ್ 2021ರಲ್ಲಿ, ಬಾಯಿಯ ಮೂಲಕ ಸೇವಿಸುವ ಇಪ್ಟಕೋಪಾನ್ 2023ರಲ್ಲಿ ಅನುಮತಿ ಪಡೆದವು.

ಹೃದಯಾಘಾತದಲ್ಲಿ ನಿರಾಸೆ

ಹೃದಯಾಘಾತದಲ್ಲಿ ರಕ್ತಸಂಚಾರ ಮರಳಿದಾಗಲೂ ಪೂರಕ ವ್ಯವಸ್ಥೆ ಕೆರಳಿ ಅಂಗಾಂಶಕ್ಕೆ ಹಾನಿ ಮಾಡುತ್ತದೆ. ಇದನ್ನು ತಡೆದಾಗ ಇಲಿಗಳಲ್ಲಿ ಹೃದಯ ಸ್ನಾಯುವಿನ ಹಾನಿ ಶೇ.44ರಷ್ಟು ತಗ್ಗಿತೆಂದು 1990ರ ಅಧ್ಯಯನವೊಂದು ತೋರಿಸಿತ್ತು. ಆದರೆ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪೆಕ್ಸೆಲಿಝುಮ್ಯಾಬ್ ಪರೀಕ್ಷೆಯಲ್ಲಿ ಸಾವಿನ ಪ್ರಮಾಣ ಇಳಿಯಲಿಲ್ಲ. ಇಲಿಯಲ್ಲಿ ಫಲಿಸಿದ್ದು ಮನುಷ್ಯನಲ್ಲೂ ಫಲಿಸಬೇಕೆಂದಿಲ್ಲ.

ಎಚ್ಚರಿಕೆ ಅಗತ್ಯ

ಲಗಾಮು ಬಿಗಿಯಾದರೆ ರೋಗಾಣುಗಳಿಗೆ ದಾರಿ ಸುಗಮ. ಮಿದುಳು ಪೊರೆಯ ಉರಿಯೂತ ತರುವ ಮೆನಿಂಗೋಕಾಕಸ್ ಬ್ಯಾಕ್ಟೀರಿಯಾವನ್ನು ಕೊಲ್ಲುವಲ್ಲಿ ಸಿ5ರ ಪಾತ್ರ ಹಿರಿದು. ಆದ್ದರಿಂದ ಸಿ5 ತಡೆಯುವ ಔಷಧ ಆರಂಭಿಸುವ ಕನಿಷ್ಠ ಎರಡು ವಾರ ಮೊದಲು ಇದರ ಲಸಿಕೆ ಹಾಕಿಸಿಕೊಳ್ಳಬೇಕು. ತುರ್ತು ಸಂದರ್ಭದಲ್ಲಿ ಪ್ರತಿಜೀವಕವನ್ನೂ ನೀಡಲಾಗುತ್ತದೆ. ಲಸಿಕೆ ಪಡೆದವರಿಗೂ ಅಪಾಯ ಪೂರ್ತಿ ತಪ್ಪಿದ್ದಲ್ಲ. ಈ ಔಷಧ ಪಡೆಯುತ್ತಿರುವವರಿಗೆ ಜ್ವರ, ತೀವ್ರ ತಲೆನೋವು, ಕತ್ತು ಸೆಟೆದುಕೊಳ್ಳುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸುವುದು ಒಳಿತು.