ಬಣ್ಣ ತಿದ್ದಿದವರ ನೂರೆಪ್ಪತ್ತು ವರ್ಷ

ಫೋಟೊ ಚೆನ್ನಾಗಿದೆ ಎಂದು ಮೆಚ್ಚಿದ ಬಾಯಿಯೇ ಮರುಗಳಿಗೆಯಲ್ಲಿ ‘ಎಡಿಟ್ ಮಾಡಿದ್ದು ತಾನೇ?’ ಎಂದು ಕೇಳುವುದು ಈಗ ಮಾಮೂಲು. ಕ್ಯಾಮೆರಾ ಮೊದಲು ನಿಜವಾದ ಬಣ್ಣವನ್ನೇ ಕೊಡುತ್ತದೆ, ಆಮೇಲೆ ಮನುಷ್ಯ ಕೈಹಾಕಿ ಅದನ್ನು ಕೆಡಿಸುತ್ತಾನೆ ಇಲ್ಲವೇ ಸಿಂಗರಿಸುತ್ತಾನೆ ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ಫೋಟೊಗ್ರಫಿಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೂ ಈ ನಂಬಿಕೆ ನಿಲ್ಲುವುದಿಲ್ಲ. ಯಾರೂ ತೀರ್ಮಾನಿಸದೆ ತಾನಾಗಿ ಬಂದ ಬಣ್ಣ ಯಾವ ಕಾಲದ ಫೋಟೊದಲ್ಲೂ ಇರಲಿಲ್ಲ. ಬದಲಾಗುತ್ತ ಬಂದದ್ದು ತೀರ್ಮಾನಿಸುವವರು ಯಾರು ಎಂಬುದು: ಮೊದಲು ಸ್ಟುಡಿಯೊದ ಚಿತ್ರಕಾರ, ಆಮೇಲೆ ಕಲರ್ ಲ್ಯಾಬಿನ ಆಪರೇಟರು, ಅವನ ಬೆನ್ನಿಗೆ ಫಿಲ್ಮ್ ಕಂಪನಿಯ ರಸಾಯನಶಾಸ್ತ್ರಜ್ಞ, ಈಗ ಮೊಬೈಲಿನೊಳಗಿನ ಸಾಫ್ಟ್‌ವೇರು. ಹಾಗಿರುವಾಗ ಬಣ್ಣ ತಿದ್ದುವ ನಾಲ್ಕು ಸರಳ ಕ್ರಮಗಳನ್ನು ಕಲಿಯುವುದು ಸುಳ್ಳು ಹೇಳುವ ತರಬೇತಿ ಆಗಲಾರದು. ಇಷ್ಟು ದಿನ ಬೇರೆಯವರು ನಮ್ಮ ಪರವಾಗಿ ಮಾಡುತ್ತಿದ್ದ ತೀರ್ಮಾನವನ್ನು ಬಲ್ಲವರಾಗಿ ನಾವೇ ಮಾಡುವುದು ಅದು.

1839ರಲ್ಲಿ ಡಾಗೆರೊಟೈಪ್ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದಾಗ ಜನ ಬೆರಗಾದರು, ಜತೆಗೇ ಬಣ್ಣವಿಲ್ಲವಲ್ಲ ಎಂದು ಪೇಚಾಡಿದರು. ಎರಡು ಮೂರು ವರ್ಷಗಳೊಳಗೆ ಸ್ವಿಟ್ಜರ್ಲೆಂಡಿನಲ್ಲೂ ಇಂಗ್ಲೆಂಡಿನಲ್ಲೂ ತಗಡಿನ ಮೇಲೆ ಬಣ್ಣದ ಪುಡಿ ಉದುರಿಸಿ ಕೆನ್ನೆ ಕೆಂಪಾಗಿಸುವ ಕಸುಬು ಶುರುವಾಯಿತು. ಆದರೆ ಅಂದಿನ ಫೋಟೊಗಳಿಗೆ ಬಣ್ಣವಿಲ್ಲದಿರುವುದಕ್ಕಿಂತ ದೊಡ್ಡ ತೊಡಕೊಂದಿತ್ತು. ಫಲಕಕ್ಕೆ ಬಳಿಯುತ್ತಿದ್ದ ಬೆಳ್ಳಿಯ ಲವಣ ನೀಲಿ ಬೆಳಕಿಗೆ ಚುರುಕಾಗಿ ಸ್ಪಂದಿಸುತ್ತಿತ್ತು. ಹಸಿರಿಗೆ ಅಷ್ಟಕ್ಕಷ್ಟೆ, ಕೆಂಪಿಗೆ ಇಲ್ಲವೇ ಇಲ್ಲ. ಹೀಗಾಗಿ ನೀಲಿ ಆಕಾಶ ಬರೀ ಬಿಳಿಯಾಗಿ, ಕುಂಕುಮ ಕಡುಗಪ್ಪಾಗಿ, ಅರಿಸಿನ ಬಣ್ಣದ ಸೀರೆ ಮಂಕಾಗಿ ಮೂಡುತ್ತಿದ್ದವು. ಕಂದು ಮೈಬಣ್ಣ ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗುತ್ತಿತ್ತು. 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್ ಕೆಲವು ಬಣ್ಣಗಳನ್ನು ಬೆರೆಸಿ ಫಲಕಕ್ಕೆ ಹಸಿರನ್ನು ‘ಕಾಣಿಸುವ’ ದಾರಿ ಕಂಡುಹಿಡಿದ. ಕೆಂಪೂ ಸೇರಿ ಎಲ್ಲವನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕ ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅಲ್ಲಿಯವರೆಗೆ, ಅಂದರೆ ಅರವತ್ತಕ್ಕೂ ಹೆಚ್ಚು ವರ್ಷ, ಕ್ಯಾಮೆರಾ ಕೊಟ್ಟದ್ದನ್ನು ಹಾಗೆಯೇ ಒಪ್ಪಿಕೊಳ್ಳುವುದೆಂದರೆ ತಪ್ಪನ್ನೇ ಒಪ್ಪಿಕೊಂಡಂತೆ ಆಗುತ್ತಿತ್ತು.

ಆ ತಪ್ಪನ್ನು ತಿದ್ದಿದವರಲ್ಲಿ ನಮ್ಮ ಸೀಮೆಯ ದೇವಾಲಯಗಳ ಮೊದಲ ಮಹತ್ವದ ಫೋಟೊಗಳನ್ನು ತೆಗೆದವನೂ ಇದ್ದಾನೆ. ಮದ್ರಾಸ್ ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಲ್ಲಿ ಫೋಟೊ ತೆಗೆದ. ಮರುವರ್ಷ ಬರ್ಮಾಕ್ಕೆ ಹೋದಾಗ ಅವನ ಕಾಗದದ ನೆಗೆಟಿವ್‌ಗಳಲ್ಲಿ ಆಕಾಶ ಎಂದಿನಂತೆ ಖಾಲಿಯಾಗಿ ಬಂತು. ಆ ನೆಗೆಟಿವ್‌ಗಳ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ಅವನೇ ಮೂಡಿಸಿದ. ಸರ್ಕಾರಿ ದಾಖಲೆಗೆಂದು ತೆಗೆದ ಚಿತ್ರಗಳವು ಎಂಬುದನ್ನು ಗಮನಿಸಬೇಕು. ಅದೇ 1855ರಲ್ಲಿ ಮ್ಯೂನಿಕ್ಕಿನ ಫ್ರಾಂಜ್ ಹಾನ್‌ಫ್‌ಸ್ಟೆಂಗ್ಲ್ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಟಚಿಂಗ್ ಮಾಡಿದ ನೆಗೆಟಿವ್ ಒಂದನ್ನು, ಟಚಿಂಗಿಗೆ ಮುಂಚಿನ ಮತ್ತು ನಂತರದ ಪ್ರಿಂಟುಗಳ ಸಮೇತ ಇಟ್ಟು ಜನರನ್ನು ಚಕಿತಗೊಳಿಸಿದ. ತಿದ್ದುವುದು ಗುಟ್ಟಿನ ಕೆಲಸವಾಗಿರಲಿಲ್ಲ, ಪ್ರದರ್ಶಿಸಿ ಹೆಮ್ಮೆಪಡುವ ಕೈಚಳಕವಾಗಿತ್ತು.

ಭಾರತದಲ್ಲಿ ಈ ಕೆಲಸಕ್ಕೆ ಕೈ ಸಿದ್ಧವಾಗಿಯೇ ಇತ್ತು. ಉದಯಪುರ, ನಾಥದ್ವಾರದಂಥ ಊರುಗಳಲ್ಲಿ ಚಿಕಣಿ ಚಿತ್ರ ಬರೆಯುತ್ತಿದ್ದ ಮನೆತನಗಳವರು ಫೋಟೊದ ಮೇಲೆ ಕುಂಚ ಆಡಿಸತೊಡಗಿದರು. ಕೆಲವು ಚಿತ್ರಗಳಲ್ಲಿ ಬಣ್ಣ ತೆಳ್ಳಗಿದೆ. ಇನ್ನು ಕೆಲವದರಲ್ಲಿ ಮುಖವೊಂದನ್ನು ಬಿಟ್ಟು ಉಳಿದದ್ದೆಲ್ಲ ಬಣ್ಣದಡಿ ಮುಚ್ಚಿಹೋಗಿ, ಕೆಳಗೆ ಫೋಟೊ ಇದೆಯೆಂದೇ ತಿಳಿಯುವುದಿಲ್ಲ. ಅಮೆರಿಕದ ಜುಡಿತ್ ಗಟ್‌ಮನ್ 1982ರಲ್ಲಿ ಇದನ್ನು ಭಾರತೀಯರ ಬೇರೆಯದೇ ಆದ ನೋಟಕ್ರಮವೆಂದು ವಾದಿಸಿದರು. ಅದು ಅತಿಯಾಯಿತೆಂದು ಆಮೇಲಿನವರು ತಕರಾರು ತೆಗೆದರು. ನೋಟಕ್ರಮದ ಮಾತು ಹಾಗಿರಲಿ, ಕಪ್ಪಾಗಿ ಬಂದ ಕುಂಕುಮಕ್ಕೆ ಕೆಂಪು ಹಚ್ಚಿದವನು ಸಿಂಗಾರ ಮಾಡುತ್ತಿರಲಿಲ್ಲ, ಫಲಕಕ್ಕೆ ಕಾಣದ್ದನ್ನು ಕಂಡವನಾಗಿ ತುಂಬಿಕೊಡುತ್ತಿದ್ದ ಎಂಬುದನ್ನಾದರೂ ಒಪ್ಪಬೇಕು.

ಇಲ್ಲೊಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ಅದೇ ಕುಂಚ, ಅದೇ ಟಚಿಂಗ್ ಪೆನ್ಸಿಲ್ಲು ಕಪ್ಪು ಹುಡುಗಿಯನ್ನು ಬೆಳ್ಳಗೆ ಮಾಡಿ ವರನ ಮನೆಗೆ ಫೋಟೊ ಕಳಿಸಲಿಕ್ಕೂ ಬಳಕೆಯಾಯಿತಲ್ಲ? ಆಯಿತು, ಅನುಮಾನವೇ ಇಲ್ಲ. ಫಲಕ ಕಪ್ಪಾಗಿಸಿದ್ದನ್ನು ಸರಿಗೆ ತರುವುದು ಮತ್ತು ಇದ್ದ ಬಣ್ಣವನ್ನೇ ಅಲ್ಲಗಳೆಯುವುದು ಒಂದೇ ಬೆಂಚಿನ ಮೇಲೆ, ಒಬ್ಬನೇ ಕಸುಬುದಾರನ ಕೈಯಲ್ಲಿ ನಡೆಯುತ್ತಿದ್ದವು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಹೇಳಲು ಅವನ ಬಳಿ ಅಳತೆಗೋಲಿರಲಿಲ್ಲ. ಕೈಗೆ ಪಕ್ಷಪಾತವಿದೆ, ಯಂತ್ರಕ್ಕೆ ಬಿಟ್ಟರೆ ನ್ಯಾಯ ಸಿಕ್ಕೀತು ಎಂದು ಇದರಿಂದ ತೀರ್ಮಾನಿಸುವುದು ಸುಲಭ. ಯಂತ್ರಕ್ಕೆ ಬಿಟ್ಟ ಮೇಲೆ ಏನಾಯಿತೆಂದು ನೋಡಿದರೆ ಆ ಸುಲಭ ಉಳಿಯುವುದಿಲ್ಲ.

ಬಣ್ಣದ ಫೋಟೊದ ಮೂಲತತ್ವವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟ. ಒಂದೇ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಬೇರೆ ಬೇರೆಯಾಗಿ ಫೋಟೊ ತೆಗೆಸಿ, ಅವನ್ನು ಅದದೇ ಬಣ್ಣದ ಬೆಳಕಿನಲ್ಲಿ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ನು ಬಣ್ಣಬಣ್ಣವಾಗಿ ಕಂಡಿತು. ಕೆಂಪು ಕಾಣದ ಅಂದಿನ ಫಲಕದಲ್ಲಿ ಕೆಂಪು ದಾಖಲಾದದ್ದು ಹೇಗೆ? ಸರಿಯಾಗಿ ನೂರು ವರ್ಷದ ನಂತರ, 1961ರಲ್ಲಿ, ಕೋಡಕ್‌ನ ರಾಲ್ಫ್ ಇವಾನ್ಸ್ ಉತ್ತರ ಕೊಟ್ಟರು: ರಿಬ್ಬನ್ನಿನ ಕೆಂಪು ಬಣ್ಣ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು, ಫಲಕ ಹಿಡಿದದ್ದು ಅದನ್ನು. ಜಗತ್ತಿನ ಮೊದಲ ಬಣ್ಣದ ಫೋಟೊದ ಕೆಂಪು, ಕಣ್ಣಿಗೆ ಕಾಣದ ಬೆಳಕಿನಿಂದ ಆಕಸ್ಮಿಕವಾಗಿ ಬಂದದ್ದು.

ಇದೇ ಇವಾನ್ಸ್ ನಮ್ಮ ಕಥೆಗೆ ಇನ್ನೊಂದು, ಹೆಚ್ಚು ಮುಖ್ಯವಾದ ಕಾರಣಕ್ಕೆ ಬೇಕು. ಕೋಡಕ್‌ನ ಬಣ್ಣದ ನೆಗೆಟಿವ್ ಫಿಲ್ಮು 1942ರಲ್ಲಿ ಬಂದಮೇಲೆ ಪ್ರಿಂಟ್ ಹಾಕುವವರಿಗೆ ಹೊಸ ತಲೆನೋವು ಶುರುವಾಗಿತ್ತು. ಬಿಸಿಲಿಗೆಂದು ತಯಾರಾದ ಫಿಲ್ಮು ಸುಮಾರು 5500 ಕೆಲ್ವಿನ್‌ನ ಬೆಳಕನ್ನು ಬಿಳಿಯೆಂದು ಎಣಿಸುತ್ತದೆ. ಮನೆಯ ಬಲ್ಬಿನ ಬೆಳಕು 2800ರ ಆಸುಪಾಸಿನದು, ಅದರಲ್ಲಿ ತೆಗೆದದ್ದೆಲ್ಲ ಹಳದಿಗೆಂಪು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡು ಅಂಗಿಯನ್ನು ಬಿಳಿಯೆಂದೇ ಕಾಣುತ್ತದೆ, ಫಿಲ್ಮಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಡಾರ್ಕ್‌ರೂಮಿನಲ್ಲಿ ಪ್ರತಿ ನೆಗೆಟಿವ್‌ಗೂ ಹಳದಿ, ಮೆಜೆಂಟಾ, ಸಯಾನ್ ಫಿಲ್ಟರುಗಳನ್ನು ಹೆಚ್ಚುಕಡಿಮೆ ಮಾಡಿ ಬಣ್ಣ ಸರಿದೂಗಿಸಬೇಕಿತ್ತು. ಲಕ್ಷಗಟ್ಟಲೆ ಪ್ರಿಂಟಿಗೆ ಹೀಗೆ ಒಂದೊಂದಾಗಿ ಕೂತರೆ ಆದೀತೇ? ಸಾಮಾನ್ಯ ದೃಶ್ಯವೊಂದರ ಬಣ್ಣಗಳನ್ನೆಲ್ಲ ಕಲಸಿ ಸರಾಸರಿ ತೆಗೆದರೆ ಹೆಚ್ಚುಕಡಿಮೆ ಬೂದುಬಣ್ಣ ಬರುತ್ತದೆ ಎಂದು ಇವಾನ್ಸ್ ಗಮನಿಸಿದರು. ಪ್ರಿಂಟರ್ ಯಂತ್ರ ಸರಾಸರಿ ಅಳೆದು, ಅದು ಬೂದಿಗೆ ಬರುವಷ್ಟು ಫಿಲ್ಟರ್ ಬದಲಿಸಿದರೆ ಸಾಕು. ಆ ವಿಧಾನಕ್ಕೆ 1951ರಲ್ಲಿ ಪೇಟೆಂಟ್ ಸಿಕ್ಕಿತು. ಲ್ಯಾಬುಗಳಲ್ಲಿ ರೀಲು ತೊಳೆಸಿದವರ ಆಲ್ಬಮ್ಮುಗಳೆಲ್ಲ ಈ ಒಂದು ಊಹೆಯ ನೆರಳಿನಲ್ಲೇ ತಯಾರಾದವು.

ಊಹೆ ಬಹಳ ಸಲ ಸರಿಹೋಗುತ್ತದೆ. ಸರಿಹೋಗದ ಜಾಗಗಳು ಎಂಥವು ಎಂಬುದರಲ್ಲಿ ಸ್ವಾರಸ್ಯವಿದೆ. ಚೌಕಟ್ಟಿನ ತುಂಬ ಕೆಂಪು ಸೀರೆಯುಟ್ಟ ಮದುಮಗಳು ನಿಂತರೆ ಯಂತ್ರ ಅದನ್ನು ಬೆಳಕಿನ ದೋಷವೆಂದು ತಿಳಿದು ಕೆಂಪು ತಗ್ಗಿಸುತ್ತದೆ, ಆಗ ಮುಖಕ್ಕೆ ನೀಲಿಹಸಿರು ಕಳೆ ಅಡರುತ್ತದೆ. ಭತ್ತದ ಗದ್ದೆಯ ನಡುವೆ ನಿಂತವರ ಮುಖ ಮೆಜೆಂಟಾಕ್ಕೆ ತಿರುಗುತ್ತದೆ. ಇಂಥ ಕಡೆ ಯಂತ್ರ ಎಡವುತ್ತದೆಂದು ಬಲ್ಲ ಅನುಭವಿ ಆಪರೇಟರು ಗುಂಡಿ ಒತ್ತಿ ಅದರ ಲೆಕ್ಕವನ್ನು ತಳ್ಳಿಹಾಕಬೇಕಿತ್ತು. ಸಾಮಾನ್ಯ ದೃಶ್ಯ ಯಾವುದು ಎಂಬ ಲೆಕ್ಕದಲ್ಲಿ ನಮ್ಮ ಮದುವೆ ಮನೆ ಸೇರಿರಲಿಲ್ಲ.

ಮೈಬಣ್ಣದ ವಿಷಯದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಕೋಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಪ್ರಿಂಟಿಗೆ ‘ಶರ್ಲಿ ಕಾರ್ಡ್’ ಎಂಬ ಹೆಸರು ಬಿತ್ತು. ಅದರಲ್ಲಿ ಮೊದಲು ನಿಂತ ಬಿಳಿಯ ಉದ್ಯೋಗಿಯ ಹೆಸರು ಶರ್ಲಿ. ಆಕೆಯ ಮುಖ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದು ಅರ್ಥ. ಕಂದುಮೈಯವರ ಮುಖದ ವಿವರಗಳು ನೆರಳಲ್ಲಿ ಕರಗಿಹೋದರೆ ಅದು ಯಂತ್ರದ ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕೆನಡಾದ ಸಂಶೋಧಕಿ ಲೋರ್ನಾ ರಾತ್‌ಗೆ ಕಂಪನಿಯ ಹಳಬರು ಹೇಳಿದ ಪ್ರಕಾರ, ಫಿಲ್ಮನ್ನು ಸುಧಾರಿಸುವ ಒತ್ತಾಯ ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾಡುವವರಿಂದ: ತಮ್ಮ ಸರಕಿನ ಕಂದುಬಣ್ಣಗಳ ವ್ಯತ್ಯಾಸ ಜಾಹೀರಾತಿನಲ್ಲಿ ಕಾಣುತ್ತಿಲ್ಲ ಎಂಬುದು ಅವರ ದೂರು. ಮನುಷ್ಯರ ದೂರಿಗಿಂತ ಚಾಕೊಲೇಟಿನ ದೂರು ಬೇಗ ಮುಟ್ಟಿತು. ಬೇರೆ ಬೇರೆ ಮೈಬಣ್ಣದ ಹೆಂಗಸರಿರುವ ಕಾರ್ಡ್ ಬರಲು 1990ರ ದಶಕವಾಯಿತು. ಸ್ಟುಡಿಯೊದ ಕಸುಬುದಾರನ ಪಕ್ಷಪಾತ ಒಂದು ಬೀದಿಯ ಮಟ್ಟದ್ದು. ಇದು ಜಗತ್ತಿಗೆಲ್ಲ ಒಂದೇ ಅಚ್ಚಿನಲ್ಲಿ ಹಂಚಿದ್ದು, ಅದೂ ವಿಜ್ಞಾನದ ಹೆಸರಿನಲ್ಲಿ.

ಡಿಜಿಟಲ್ ಬಂದಮೇಲೆ ಇದೆಲ್ಲ ಕಳೆಯಿತು ಅನ್ನುವಂತಿಲ್ಲ. ಇಂದಿನ ಬಹುಪಾಲು ಕ್ಯಾಮೆರಾಗಳ ಸೆನ್ಸರಿನ ಮೇಲೆ ಕೂತಿರುವುದು ಕೋಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಫಿಲ್ಟರ್ ಜಾಲ. ಅದರ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಊಹಿಸಲಾಗುತ್ತದೆ. ಪರದೆಯ ಮೇಲಿನ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕಾಚಾರವೇ. ಆಮೇಲೆ ಕ್ಯಾಮೆರಾ ತಾನಾಗಿ ವೈಟ್ ಬ್ಯಾಲೆನ್ಸ್ ಮಾಡುವಾಗ ಬಳಸುವ ಹಳೆಯ ಸೂತ್ರಗಳಲ್ಲೊಂದು, ದೃಶ್ಯದ ಸರಾಸರಿ ಬೂದು ಎಂಬ ಇವಾನ್ಸರ ಅದೇ ಊಹೆ. ಹೊಸ ಸಾಫ್ಟ್‌ವೇರು ಇದರ ಮೇಲೆ ಬಹಳಷ್ಟು ಸೇರಿಸಿಕೊಂಡಿದೆ. ಆದರೂ ತನ್ನ ಕ್ಯಾಮೆರಾ ಕಂದು, ಕಪ್ಪು ಮೈಬಣ್ಣಗಳನ್ನು ಸರಿಯಾಗಿ ತೋರಿಸಲೆಂದು ಗೂಗಲ್ ‘ರಿಯಲ್ ಟೋನ್’ ಎಂಬ ತಿದ್ದುಪಡಿಯನ್ನು 2021ರಲ್ಲಿ ತರಬೇಕಾಯಿತು.

ಇಷ್ಟು ಹಿನ್ನೆಲೆ ಗೊತ್ತಿದ್ದರೆ ತಿದ್ದುವ ಕ್ರಮಗಳು ಬಾಯಿಪಾಠದ ಸಂಗತಿಯಾಗಿ ಉಳಿಯುವುದಿಲ್ಲ. ಥಾಮಸ್ ಮತ್ತು ಜಾನ್ ನಾಲ್ ಸಹೋದರರ ಫೋಟೊಶಾಪ್ 1990ರಲ್ಲಿ ಬಂದಾಗ ಅದು ಲ್ಯಾಬಿನ ಫಿಲ್ಟರುಗಳನ್ನೇ ಮೇಜಿನ ಮೇಲೆ ತಂದಿಟ್ಟಿತು. ಚಿತ್ರದಲ್ಲಿ ನಿಜಕ್ಕೂ ಬಿಳಿ ಅಥವಾ ಬೂದಾಗಿರಬೇಕಾದ ಜಾಗವೊಂದನ್ನು, ಗೋಡೆಯೋ ಪಂಚೆಯೋ ರಸ್ತೆಯೋ ಯಾವುದಾದರೂ ಸರಿ, ಆರಿಸಿ ತೋರಿಸುವುದು ಮೊದಲ ಹೆಜ್ಜೆ. ಸರಾಸರಿಯ ಊಹೆಯನ್ನು ಬಿಟ್ಟು ಸಾಕ್ಷಿಯನ್ನು ಹಿಡಿಯುವುದೆಂದರೆ ಇದೇ. ಆಮೇಲೆ ಲೆವೆಲ್ಸ್ ಎಂಬ ಸಾಧನದಲ್ಲಿ ಕಪ್ಪಿನ ತುದಿ, ಬಿಳಿಯ ತುದಿಗಳನ್ನು ಗೊತ್ತುಮಾಡುವುದು. ಕರ್ವ್ಸ್ ಎಂಬುದರಲ್ಲಿ ನಡುವಿನ ಬೆಳಕನ್ನು ಹೊಂದಿಸುವುದು. ಕೊಟ್ಟಕೊನೆಗೆ ಬಣ್ಣದ ಗಾಢತೆ. ಕೊನೆಯದಕ್ಕೆ ಕಡಿವಾಣ ಬೇಕು. ಪರಿಚಿತ ವಸ್ತುಗಳನ್ನು ನಾವು ಇದ್ದದ್ದಕ್ಕಿಂತ ಗಾಢ ಬಣ್ಣದಲ್ಲಿ ನೆನಪಿಟ್ಟುಕೊಳ್ಳುತ್ತೇವೆ ಎಂದು ಸಂಶೋಧಕ ಬಾರ್ಟಲ್‌ಸನ್ 1960ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಹುಲ್ಲು ಇನ್ನೂ ಹಸಿರಾಗಿತ್ತು ಎಂದು ಒತ್ತಾಯಿಸುವುದು ನೆನಪು, ಅಂದು ಬಿದ್ದ ಬೆಳಕಲ್ಲ.

ಹಾಗಾದರೆ ಫೋಟೊವನ್ನು ಸಾಕ್ಷಿಯೆಂದು ನಂಬುವುದೇ ಬೇಡವೇ ಎಂದು ಕೇಳಬಹುದು. 1994ರ ಜೂನ್‌ನಲ್ಲಿ ಅಮೆರಿಕದ ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಪತ್ರಿಕೆಗಳು ಕೊಲೆ ಆರೋಪದಲ್ಲಿ ಬಂಧಿತನಾಗಿದ್ದ ಕಪ್ಪು ಜನಾಂಗದ ಒ.ಜೆ. ಸಿಂಪ್ಸನ್‌ನ ಒಂದೇ ಪೊಲೀಸ್ ಫೋಟೊವನ್ನು ಮುಖಪುಟಕ್ಕೆ ಹಾಕಿದವು. ಟೈಮ್‌ನಲ್ಲಿ ಮುಖ ಕಪ್ಪಗಾಗಿತ್ತು. ಎರಡೂ ಅಂಗಡಿಯಲ್ಲಿ ಅಕ್ಕಪಕ್ಕ ನೇತಾಡಿದಾಗ ವ್ಯತ್ಯಾಸ ಎಲ್ಲರ ಕಣ್ಣಿಗೂ ಹೊಡೆಯಿತು, ಪತ್ರಿಕೆ ಕ್ಷಮೆ ಕೇಳಬೇಕಾಯಿತು. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯದಕ್ಕೂ ಮುಂಚಿನ ಸುತ್ತಿಗೆ ಬಂದಿದ್ದ ಚಿತ್ರಗಳಲ್ಲಿ ಸುಮಾರು ಐದನೇ ಒಂದು ಪಾಲು ಅತಿಯಾಗಿ ತಿದ್ದಿದ್ದಕ್ಕೆ ಅನರ್ಹವಾದವು. ಈ ಎರಡು ಪ್ರಸಂಗಗಳೂ ತಿದ್ದುವುದರ ವಿರುದ್ಧ ಸಾಕ್ಷಿ ಎನ್ನುವವರು ಒಂದನ್ನು ಮರೆಯುತ್ತಾರೆ: ಎರಡರಲ್ಲೂ ತಪ್ಪು ಗೊತ್ತಾದದ್ದು ಹೋಲಿಸಿ ನೋಡಲು ಮೂಲ ಚಿತ್ರ ಇದ್ದದ್ದರಿಂದ. ತಿದ್ದಿದೆಯೇ ಎಂದು ಕೇಳುವುದಕ್ಕಿಂತ, ಯಾವ ಅಳತೆಗೆ ತಿದ್ದಿದೆ, ಮೂಲ ಎಲ್ಲಿದೆ ಎಂದು ಕೇಳಿದರೆ ಉಪಯೋಗವಿದೆ. ಸ್ಟುಡಿಯೊದ ಚಿತ್ರಕಾರನಿಗೆ ಇಲ್ಲದಿದ್ದ ಅಳತೆಗೋಲು ಈಗ ಯಾರಿಗೂ ಸಿಗುವಂಥದ್ದು.

ಕಲಿಯಲು ಎಲ್ಲಿಂದ ಶುರುಮಾಡಬೇಕು ಎನ್ನುವವರು ಮನೆಯ ಹಳೇ ಆಲ್ಬಮ್ ತೆಗೆಯಲಿ. ಎಪ್ಪತ್ತು, ಎಂಬತ್ತರ ದಶಕದ ಕಲರ್ ಪ್ರಿಂಟುಗಳು ಪೆಟ್ಟಿಗೆಯ ಕತ್ತಲಲ್ಲಿದ್ದೂ ಕೆಂಪಗಾಗಿರುವುದು ಸಾಮಾನ್ಯ. ಆ ಕಾಲದ ಕಾಗದಗಳಲ್ಲಿ ಸಯಾನ್ ವರ್ಣ ಉಳಿದೆರಡಕ್ಕಿಂತ ಬೇಗ ಮಾಸುತ್ತಿತ್ತು. ಅಂಥದ್ದೊಂದನ್ನು ಸ್ಕ್ಯಾನ್ ಮಾಡಿ, ಆ ಫೈಲನ್ನು ಮುಟ್ಟದೆ ಬೇರೆ ಇಟ್ಟು, ಅದರ ನಕಲೊಂದರ ಮೇಲೆ ಕೆಲಸ ಮಾಡಿ. ಲೆವೆಲ್ಸ್‌ನಲ್ಲಿ ಕೆಂಪು ಚಾನೆಲ್ಲನ್ನು ಆರಿಸಿ, ಕಪ್ಪಿನ ಗುಬುಟನ್ನು ಗ್ರಾಫ್ ಎಲ್ಲಿ ಏಳುತ್ತದೋ ಅಲ್ಲಿಯವರೆಗೆ ಒಳಗೆ ತನ್ನಿ. ಮಾಸಿಹೋದ ಸಯಾನ್‌ನ ಬಹುಪಾಲು ಅಷ್ಟರಲ್ಲೇ ಹಿಂದಿರುಗುತ್ತದೆ. ತಿದ್ದಿದ ಪ್ರತಿಯ ಹೆಸರಿನಲ್ಲಿ ‘ತಿದ್ದಿದ್ದು’ ಎಂದೂ, ಯಾವ ವರ್ಷ ತಿದ್ದಿದ್ದೆಂದೂ ಬರೆದಿಡಿ. ಮುಂದೆ ನೋಡುವವರು ಬೇಕೆನಿಸಿದರೆ ಮೂಲದಿಂದ ಮತ್ತೆ ಶುರುಮಾಡಲಿ.