ಹಳೆಯ ದನಿಗೆ ಹೊಸ ಕೊರಳು

ಮಿರಜಿನಿಂದ ಬೆಳಗಾವಿಗೆ ಹೊರಟ ರೈಲು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಎಂದು ನಮ್ಮ ಕಡೆಯ ಊರುಗಳನ್ನು ಒಂದೊಂದಾಗಿ ದಾಟಿ, ಘಟಪ್ರಭೆಯನ್ನೂ ಹಿಂದೆ ಹಾಕಿ, ಇನ್ನೇನು ಬೆಳಗಾವಿ ಬಂತು ಅನ್ನುವಾಗ ಸುಳೇಭಾವಿಯನ್ನು ಮುಟ್ಟುತ್ತದೆ. ಅಥಣಿ, ಕಾಗವಾಡದವರಿಗೆ ಮಿರಜ, ಸಾಂಗಲಿಗಳಾಗಲಿ, ನಿಪ್ಪಾಣಿ, ಚಿಕ್ಕೋಡಿಯವರಿಗೆ ಕೊಲ್ಹಾಪುರವಾಗಲಿ ಪರಸ್ಥಳಗಳಲ್ಲ. ದವಾಖಾನೆಗೆ, ಮದುವೆಯ ಜವಳಿಗೆ, ಹಿಂದಿನ ಕಾಲದಲ್ಲಾದರೆ ನಾಟಕಕ್ಕೆ, ಅಲ್ಲಿಗೆ ಹೋಗಿ ಬರುವುದು ರೂಢಿ. ಈ ರೈಲುದಾರಿಯ ಒಂದು ತುದಿಯಲ್ಲಿ ಒಬ್ಬ ಗಂಧರ್ವರು ಮೊದಲ ಸಲ ರಂಗವೇರಿದರು. ಇನ್ನೊಂದು ತುದಿಯ ಹತ್ತಿರ ಇನ್ನೊಬ್ಬ ಗಂಧರ್ವರು ಹುಟ್ಟಿದರು. ಎರಡನೆಯವರು ಮೊದಲನೆಯವರನ್ನು ಹೇಗೆ ನೆನೆದರು ಎಂಬುದನ್ನು ಹೇಳಬೇಕೆಂದು ನನಗೆ ಬಹಳ ದಿನದ ಆಸೆ.

ಮೊದಲನೆಯವರು ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವರು (1888–1967). 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯ ಶಕುಂತಲೆಯಾಗಿ ಅವರು ಮಿರಜಿನಲ್ಲಿ ಪ್ರೇಕ್ಷಕರ ಮುಂದೆ ನಿಂತರು. 1911ರಲ್ಲಿ ‘ಮಾನಾಪಮಾನ’ದ ಭಾಮಿನಿ, 1916ರಲ್ಲಿ ‘ಸ್ವಯಂವರ’ದ ರುಕ್ಮಿಣಿ, 1919ರಲ್ಲಿ ‘ಏಕಚ್ ಪ್ಯಾಲಾ’ದ ದುಃಖಿ ಸಿಂಧು. ಈ ನಡುವೆ 1913ರಲ್ಲಿ ಗಂಧರ್ವ ನಾಟಕ ಮಂಡಳಿ ಹುಟ್ಟಿತು. ತಬಲಾಕ್ಕೆ ಅಹಮದಜಾನ್ ತಿರಕವಾ, ಸಾರಂಗಿಗೆ ಕಾದರಬಕ್ಷ ಅವರಂಥವರು ಆ ಕಂಪನಿಯಲ್ಲಿದ್ದರು. ಕಾಲಿನಿಂದ ಗಾಳಿ ತುಂಬುವ ಆರ್ಗನ್ ಪೇಟಿಯ ಸ್ವರದ ಮೇಲೆ ಬಾಲಗಂಧರ್ವರ ಕೊರಳು ಎಣ್ಣೆಯ ಧಾರೆಯಂತೆ ಇಳಿಯುತ್ತಿತ್ತು. ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತಿತ್ತು; ಒಂದೇ ಪದ ಮತ್ತೆ ಮತ್ತೆ ಹಾಡಿ, ನಾಟಕ ಮುಗಿಯುವ ಹೊತ್ತಿಗೆ ಬೆಳಗಿನ ಜಾವ ಆಗುತ್ತಿತ್ತು. ಅವರು ಸೀರೆ ಉಟ್ಟಂತೆ ತಾವೂ ಉಡುವುದು, ಅವರಂತೆ ಹೂ ಮುಡಿಯುವುದು ಮನೆತನಸ್ಥ ಹೆಂಗಸರಲ್ಲಿ ಶೋಕಿಯಾಗಿತ್ತು. ಹೆಣ್ಣಿಗೆ ರಂಗ ಹತ್ತಲು ಸಲ್ಲದ ಕಾಲದಲ್ಲಿ, ಹೆಣ್ಣಿನ ನಡೆ ನುಡಿ ಹೇಗಿರಬೇಕೆಂದು ಹೆಂಗಸರು ಒಬ್ಬ ಗಂಡಸನ್ನು ನೋಡಿ ಕಲಿತರು!

ಥೇಟರಿಗೆ ಹೋಗಲಾಗದ ಹೆಂಗಸರಿಗೆ ಗ್ರಾಮಾಫೋನು ಆಸರೆಯಾಯಿತು. ಅನುಕೂಲಸ್ಥರ ಪಡಸಾಲೆಯಲ್ಲಿ ಕೀಲಿ ತಿರುವಿ ತಟ್ಟೆ ಹಚ್ಚಿದರೆ, ಒಳಮನೆಯ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತ ಕೂತವರು ಕೇಳುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಂದು ಬದಿಗೆ ಮೂರೂವರೆ ನಿಮಿಷವೂ ಕಷ್ಟ. ರಾತ್ರಿಯಿಡೀ ಹರಿಯುವ ಹಾಡು ಅಷ್ಟರಲ್ಲಿ ಮುಗಿಯಬೇಕು. ಆದರೂ ಆ ಗರಗರ ಸದ್ದಿನ ತಟ್ಟೆಗಳೇ ಒಂದು ಇಡೀ ಕಾಲವನ್ನು ಹೊತ್ತು ತಂದವು.

ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ಇಂಥ ತಟ್ಟೆಗಳನ್ನು ಕೇಳಿಯೇ ಹಾಡಲು ಕಲಿತ. ದೊಡ್ಡ ದೊಡ್ಡ ಉಸ್ತಾದರ ಹಾಡನ್ನು ತಾನು, ಹರಕತ್ತು ಸಹಿತ ಹಾಗೆಯೇ ಒಪ್ಪಿಸುತ್ತಿದ್ದ. ಜನ ಬೆರಗಾದರು. ಎಳೆಯ ವಯಸ್ಸಿನಲ್ಲೇ ಸ್ವಾಮಿಗಳೊಬ್ಬರಿಂದ ‘ಕುಮಾರ ಗಂಧರ್ವ’ ಎಂಬ ಬಿರುದು ಬಂತು, ಊರೂರಿನಲ್ಲಿ ಕಚೇರಿಗಳಾದವು. ಆಮೇಲೆ ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ವಿದ್ಯೆ. ಅಲ್ಲಿ ಒಪ್ಪಿಸುವುದು ಬೇರೆ, ಅರಿಯುವುದು ಬೇರೆ ಎಂಬ ಪಾಠ ಶುರುವಾಯಿತು. ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹರೆಯದಲ್ಲಿ ಕ್ಷಯ ಬಡಿಯಿತು. 1948ರಲ್ಲಿ ಒಣಹವೆಗೆಂದು ಮಧ್ಯಭಾರತದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಆಜ್ಞೆ. ಹಾಸಿಗೆಯಲ್ಲಿ ಮಲಗಿ ಮಾಳವದ ಹಳ್ಳಿಗರ ಪದಗಳನ್ನು ಕೇಳಿದ್ದೇ ಅವರ ಎರಡನೆಯ ಶಾಲೆ. ಆ ಪದಗಳಲ್ಲಿ ಬಹಳಷ್ಟು ಹೆಂಗಸರವು. ಸ್ಟ್ರೆಪ್ಟೋಮೈಸಿನ್ ಔಷಧದಿಂದ ಜೀವ ಉಳಿಯಿತು, ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು.

ಇಂಥ ಕೊರಳಿನಿಂದ ಅವರು ಕಟ್ಟಿದ ಕಾರ್ಯಕ್ರಮ ‘ಮಲಾ ಉಮಜಲೇಲೇ ಬಾಲಗಂಧರ್ವ’. ಎಚ್.ಎಂ.ವಿ. ಕಂಪನಿಯ ಲಾಂಗ್‌ಪ್ಲೇ ತಟ್ಟೆಯಾಗಿಯೂ ಅದು ಬಂತು. ‘ನಾನು ಅರಿತ ಬಾಲಗಂಧರ್ವ’ ಎಂದು ಅದರ ಅರ್ಥ. ಈ ಹೆಸರೇ ನನಗೆ ದೊಡ್ಡದು. ಬಾಲಗಂಧರ್ವರ ಹಾಗೆ ಹಾಡುತ್ತೇನೆ ಎಂದು ಅದು ಹೇಳುವುದಿಲ್ಲ. ಹುಡುಗನಾಗಿದ್ದಾಗ ಯಾರ ತಟ್ಟೆಯನ್ನಾದರೂ ಅಚ್ಚು ಹೊಡೆದಂತೆ ಹಾಡಬಲ್ಲವರು, ಬಲಿತ ಮೇಲೆ ಆ ಶಕ್ತಿಯನ್ನು ಪಕ್ಕಕ್ಕಿಟ್ಟರು. ಬಾಲಗಂಧರ್ವರದು ಉದ್ದನೆಯ, ಮೆತ್ತನೆಯ ಉಸಿರು. ಕುಮಾರರದು ಗಿಡ್ಡ ಉಸಿರು. ಒಂದು ಸಣ್ಣ ಸ್ವರದ ಗೊಂಚಲು ಎಸೆದು, ತುಸು ತಡೆದು, ಮೇಲಿನ ಷಡ್ಜವನ್ನು ಮಿಂಚಿನಂತೆ ಮುಟ್ಟಿ ಬರುವುದು. ಹಾಡು ಅದೇ, ರಾಗ ಅದೇ, ಶಬ್ದವನ್ನು ನೋಯಿಸದೆ ನುಡಿಯುವ ಮರ್ಯಾದೆಯೂ ಅದೇ. ಸೀರೆ ಇಲ್ಲ, ಪರದೆ ಇಲ್ಲ. ಕೇಳುತ್ತ ಕೂತರೆ ರುಕ್ಮಿಣಿ ಕಣ್ಣಿಗೆ ಕಟ್ಟುತ್ತಾಳೆ, ಹಾಡುತ್ತಿರುವವರು ಕುಮಾರರೆಂಬುದೂ ಒಂದು ಕ್ಷಣ ಮರೆಯುವುದಿಲ್ಲ.

ಹೊರದೇಶದಲ್ಲಿಯೂ ಇಂಥ ಕೆಲಸ ನಡೆದಿದೆ. ಅಮೆರಿಕದ ಚಾರ್ಲಿ ಹೇಡನ್ (1937–2014) ಜಾಝ್ ಸಂಗೀತದಲ್ಲಿ ಬಾಸ್ ನುಡಿಸುತ್ತಿದ್ದರು; ಬಾಸ್ ಅಂದರೆ ಆಳೆತ್ತರದ ಪಿಟೀಲಿನಂಥ, ಬೆರಳಿನಿಂದ ಮೀಟುವ ವಾದ್ಯ. ಅವರೂ ಎಳೆಯ ಕೂಸಾಗಿದ್ದಾಗಿನಿಂದ ಮನೆಮಂದಿಯೊಡನೆ ರೇಡಿಯೋದಲ್ಲಿ ಹಾಡಿದವರು. ಹದಿಹರೆಯದಲ್ಲಿ ಪೋಲಿಯೋ ತಗುಲಿ ಕೊರಳು ಕೆಟ್ಟಿತು, ವಾದ್ಯವೇ ಗತಿಯಾಯಿತು. ನಾಲ್ವರ ಮೇಳ ಕಟ್ಟಿಕೊಂಡು 1992ರಲ್ಲಿ ‘ಹಾಂಟೆಡ್ ಹಾರ್ಟ್’ ಎಂಬ ಧ್ವನಿಮುದ್ರಿಕೆ ತಂದರು. ಅದರಲ್ಲಿ 1940ರ ದಶಕದ ಲಾಸ್ ಏಂಜಲಿಸ್ ನಗರದ, ಅಲ್ಲಿನ ಹಳೆಯ ಸಿನಿಮಾಗಳ ನೆನಪು. ಕೆಲವು ಕಡೆ ತಮ್ಮ ವಾದನ ಮುಗಿಯುತ್ತಲೇ ಹಳೆಯ ಗಾಯಕಿಯರ ರೆಕಾರ್ಡನ್ನೇ ಕೇಳಿಸುತ್ತಾರೆ. ಕುಮಾರರು ಹಾಗೆ ಮಾಡಲಿಲ್ಲ. ಹಳೆಯ ತಟ್ಟೆಯನ್ನು ಹಚ್ಚದೆ, ಅದನ್ನು ಕೇಳಿ ತಮ್ಮೊಳಗೆ ಉಳಿದದ್ದನ್ನು ಕೇಳಿಸಿದರು. ಅದೇ 1992ರ ಜನವರಿ 12ರಂದು ಅವರು ದೇವಾಸದಲ್ಲಿ ತೀರಿಕೊಂಡರು.

ಬಾಲಗಂಧರ್ವರ ದನಿಯನ್ನು ಕಾಯ್ದ ಇನ್ನೊಬ್ಬರನ್ನು ನಾವು ಹೆಂಗಸರು ಮರೆಯಬಾರದು. ಅವರು ಬೀಳಗಿಯ ಗೋಹರಬಾಯಿ ಕರ್ನಾಟಕಿ, ಗಾಯಕಿ ಅಮೀರಬಾಯಿಯ ಸಹೋದರಿ. ಅವರು ಬಾಲಗಂಧರ್ವರ ಶೈಲಿಯನ್ನೇ ಮೈಗೂಡಿಸಿಕೊಂಡು, 1938ರ ಹೊತ್ತಿಗೆ ಅವರ ಕಂಪನಿ ಸೇರಿದರು. ಗಂಡಸು ಹೆಣ್ಣಾಗಿ ಹಾಡಿದ್ದನ್ನು ತಲೆಯ ಮೇಲೆ ಹೊತ್ತ ಜನ, ಅದೇ ಹಾಡನ್ನು ಹೆಣ್ಣೊಬ್ಬಳು ಹಾಡಿದಾಗ ಮುಖ ತಿರುವಿದರು. ಕಂಪನಿಯ ಸಾಲ, ಬಾಲಗಂಧರ್ವರ ಇಳಿಗಾಲ ಎಲ್ಲವನ್ನೂ ಅವರ ತಲೆಗೆ ಕಟ್ಟಿದರು. ಸಾಲವಾದರೋ ಗೋಹರಬಾಯಿ ಬರುವ ಎಷ್ಟೋ ವರ್ಷ ಮೊದಲಿನದು. ಬಾಲಗಂಧರ್ವರ ಕಾಲು ಸೋತ ಮೇಲೂ ಅವರ ಜೊತೆಗಿದ್ದು, 1964ರಲ್ಲಿ ಅವರಿಗಿಂತ ಮೊದಲೇ ಗೋಹರಬಾಯಿ ಹೋದರು.

1956ರಲ್ಲಿ ರಾಜ್ಯಗಳ ಗೆರೆ ಎಳೆದದ್ದು ನಮ್ಮ ಊರುಗಳ ಮಗ್ಗುಲಲ್ಲಿ. ಅಂದಿನಿಂದ ಯಾರ ಊರು, ಯಾರ ನುಡಿ ಎಂಬ ಜಗಳ ಕೇಳುತ್ತಲೇ ನಾವು ಬೆಳೆದೆವು. ಈ ಹಾಡುಗಳ ಜಾತಕ ತೆಗೆದರೆ ಬೇರೆಯೇ ಕಾಣುತ್ತದೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ ಸಾಂಗಲಿಯಲ್ಲಿ ಆಡಿದ ಆಟ ನೋಡಿ, 1843ರಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಆಡಿದರು. 1880ರಲ್ಲಿ ಸಂಗೀತ ‘ಶಾಕುಂತಲ’ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹಾಡಿದವರು ಮರಾಠಿಗರು, ಆ ಹಾಡನ್ನು ಬಾಳಿದವರು ಬೀಳಗಿಯವರು, ಅರಿತು ಹೇಳಿದವರು ಸುಳೇಭಾವಿಯವರು. ಇದರಲ್ಲಿ ಯಾವ ಎಳೆಯನ್ನು ಕಿತ್ತರೂ ಸೀರೆ ಹರಿಯುತ್ತದೆ.

ಶಾಲೆಯ ಗ್ಯಾದರಿಂಗ್ ಬಂದಾಗ ಹುಡುಗಿಯರು ಈಗ ಮೊಬೈಲಿನಲ್ಲಿ ಹಾಡು ಕೇಳಿ ಕಲಿಯುತ್ತಾರೆ. ಎಲ್ಲಿ ಗಾಯಕಿ ಉಸಿರು ತೆಗೆದುಕೊಂಡಳೋ ಅಲ್ಲೇ ಇವರದೂ ಉಸಿರು. ಹೋದ ವರ್ಷ ಒಬ್ಬಳು ನಡುವೆ ನಿಲ್ಲಿಸಿ, “ಅಕ್ಕೋರ, ಅವರಂಗ ಬರವೊಲ್ದರಿ” ಎಂದು ಕಣ್ಣು ತುಂಬಿಕೊಂಡಳು. “ಕಲಿಯೂದು ಅವರಂಗ ಕಲಿ ಯವ್ವಾ, ಹಾಡೂದು ನಿನ್ನಂಗ ಹಾಡು” ಅಂದೆ. ಎರಡು ದಿನ ಬಿಟ್ಟು ಬಂದು ಹಾಡಿದಳು. ಮೇಲಿನ ಸ್ವರ ಮುಟ್ಟದಾಗ ಅದನ್ನು ಬಿಟ್ಟು, ಕೆಳಗಿನಿಂದಲೇ ತನ್ನದೊಂದು ದಾರಿ ಮಾಡಿಕೊಂಡಿದ್ದಳು. ಆ ದಾರಿ ಚೆನ್ನಾಗಿತ್ತು.