ಡ್ಯಾಂ ಕರೆಂಟು ನಿಜಕ್ಕೂ ಅಗ್ಗವೇ?

ನೀರಿನ ಕರೆಂಟಿನಷ್ಟು ಅಗ್ಗ ಬೇರೆ ಇಲ್ಲ ಅನ್ನುವ ಮಾತು ನಮ್ಮ ಹೊಸಪೇಟೆ ಕಡೆ ಹಳೆಯದು. ಯೂನಿಟ್ ದರ ಮಾತ್ರ ನೋಡಿದರೆ ಅದು ಸುಳ್ಳಲ್ಲ.

ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು. ಬಲದಂಡೆಯಲ್ಲಿ ಮದ್ರಾಸ್, ಎಡದಂಡೆಯಲ್ಲಿ ಹೈದರಾಬಾದ್ ಸರ್ಕಾರ. 1953ರಲ್ಲಿ ನೀರು ನಿಂತಿತು. 1957ರಲ್ಲಿ ಡ್ಯಾಂ ಬುಡದ ಪವರ್ ಹೌಸ್, ಮರುವರ್ಷ ಹಂಪಿ ಪವರ್ ಹೌಸ್ ಶುರುವಾದವು. ಎರಡರಲ್ಲೂ ತಲಾ 9 ಮೆಗಾವ್ಯಾಟಿನ ನಾಲ್ಕು ಮೆಷಿನ್, ಒಟ್ಟು 72 ಮೆಗಾವ್ಯಾಟ್. ಮುನಿರಾಬಾದಿನದು ಬೇರೆ. ಡ್ಯಾಂ ಬುಡದಲ್ಲಿ ಮೆಷಿನ್ ತಿರುಗಿಸಿದ ನೀರೇ ಕಾಲುವೆಯಲ್ಲಿ ಹರಿದು ಹಂಪಿಯಲ್ಲಿ ಇನ್ನೊಮ್ಮೆ ತಿರುಗಿಸಿ ಹೊಲಕ್ಕೆ ಹೋಗುತ್ತದೆ. ಇಂಧನಕ್ಕೆ ಬಿಡಿಗಾಸಿನ ಖರ್ಚಿಲ್ಲ.

ಆದರೆ ಸುಮಾರು 90 ಹಳ್ಳಿ ಮುಳುಗಿದವು, 54 ಸಾವಿರದಷ್ಟು ಜನ ಊರು ಬಿಟ್ಟರು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದರು. ಅವರು ಕಳಕೊಂಡದ್ದು ಯಾವ ಕರೆಂಟ್ ಬಿಲ್ಲಿನಲ್ಲೂ ಕಾಣುವುದಿಲ್ಲ. ಡ್ಯಾಂ ಕಟ್ಟಿದ್ದು ಮುಖ್ಯವಾಗಿ ನೀರಾವರಿಗೆ, ಹಾಗಾಗಿ ಪೂರ್ತಿ ನಷ್ಟವನ್ನು ಕರೆಂಟಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಗದ್ದೆಗೆ ನೀರು ಬಂದವರೂ ಅದರಲ್ಲಿ ಪಾಲುದಾರರೇ.

ಇನ್ನು ಹೂಳು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಈಗ ಹಿಡಿಯುವುದು ಸುಮಾರು 105. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಅಷ್ಟರಲ್ಲಿ ಎಷ್ಟೋ ಟಿಎಂಸಿ ಹರಿದುಹೋಗಿತ್ತು. ಹಳೆಯ ಡ್ಯಾಮನ್ನು ಕಾಯುವುದಕ್ಕೂ ಖರ್ಚಿದೆ.

ಹಾಗಂತ ಕಲ್ಲಿದ್ದಲು ಮೇಲು ಅನ್ನಲಾಗದು. ಬಳ್ಳಾರಿ ದಾರಿಯ ಕುಡಿತಿನಿಯ ಸ್ಥಾವರ 1,700 ಮೆಗಾವ್ಯಾಟಿನದು. ಪೂರ್ತಿ ಓಡಿದರೆ ಗಂಟೆಗೆ ಸುಮಾರು ಸಾವಿರ ಟನ್ ಕಲ್ಲಿದ್ದಲು ಬೇಕು. ರಾಜ್ಯದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ, ಎಲ್ಲವೂ ಹೊರಗಿನಿಂದಲೇ ಬರಬೇಕು. ಬೂದಿ ಮಾತ್ರ ಇಲ್ಲಿಯೇ ಉಳಿಯುತ್ತದೆ. ಆ ಹೊಗೆ ಕುಡಿದವರ ಆಸ್ಪತ್ರೆ ಖರ್ಚು ಯೂನಿಟ್ ದರಕ್ಕೆ ಸೇರುವುದಿಲ್ಲ.

ಸೋಲಾರಿಗೆ ಬೂದಿಯಿಲ್ಲ, ಜಾಗ ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಏರಿಕೆ. ಪಹಣಿಯಲ್ಲಿ ರೈತರ ಹೆಸರು ಹಾಗೇ ಉಳಿಯಿತು. ಮುಳುಗಿದ ಊರಿನವರಿಗೆ ಈ ದಾರಿ ಇರಲಿಲ್ಲ. ಸೂರ್ಯ ಇಳಿದ ಮೇಲೆ ಅಲ್ಲಿ ಕರೆಂಟಿಲ್ಲ, ರಾತ್ರಿಗೆ ಬ್ಯಾಟರಿಯೋ ನೀರೋ ಬೇಕು, ಆ ಖರ್ಚೂ ಸೇರಿಸಬೇಕು. ಮತ್ತೆ, ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಸ್ವಂತ ಭೂಮಿಯಿಲ್ಲದ ಕೂಲಿಯವರಿಗೆ ಗುತ್ತಿಗೆ ದುಡ್ಡು ಬರುವುದಿಲ್ಲ.